“ನೀವು ಅದೇ ಊರಿನವರು, ವಸ್ತುನಿಷ್ಠರಾಗಿರಲು ಹೇಗೆ ಸಾಧ್ಯ?” ಎಂಬ ಪ್ರಶ್ನೆಗೆ ಸಂಶೋಧಕಿ ಏನು ಉತ್ತರಿಸಬೇಕು?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ, ಲಿಂಗಸುಗೂರು

ಎಲ್ಲರಿಗೂ ನಮಸ್ಕಾರ. ನಾನು ಲಿಂಗಸುಗೂರು ತಾಲ್ಲೂಕಿನ ಒಂದು ತಾಂಡಾದವಳು. ನಮ್ಮ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಕೋರ್ಸ್‌ವರ್ಕ್ ಮುಗಿದು ಈಗ ಕ್ಷೇತ್ರಕಾರ್ಯ ನಡೆದಿದೆ. ಸುಗ್ಗಿಯ ಕೆಲಸ ಮುಗಿದ ಮೇಲೆ ಕುಟುಂಬದ ದುಡಿಯುವ ಜನ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋದಾಗ, ಹಿಂದೆ ಉಳಿಯುವ ಹೆಂಗಸರು ಮತ್ತು ಓದುವ ವಯಸ್ಸಿನ ಹುಡುಗಿಯರು ಮನೆಯನ್ನೂ ಸಾಲವನ್ನೂ ವಯಸ್ಸಾದವರನ್ನೂ ಹೇಗೆ ನಿಭಾಯಿಸುತ್ತಾರೆ ಎಂಬುದು ನನ್ನ ವಿಷಯ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ಕಳೆದ ತಿಂಗಳು ಸಂಶೋಧನಾ ಸಲಹಾ ಸಮಿತಿಯ ಮುಂದೆ ನನ್ನ ಪ್ರಗತಿಯನ್ನು ಮಂಡಿಸಿದೆ. ಮಂಡನೆ ಮುಗಿದ ಮೇಲೆ ಬಂದ ಮೊದಲ ಪ್ರಶ್ನೆ ಸಂದರ್ಶನಗಳನ್ನು ಹೇಗೆ ನಡೆಸಿದೆ ಎಂಬುದರ ಬಗ್ಗೆಯಾಗಲಿ, ಕುಟುಂಬಗಳನ್ನು ಹೇಗೆ ಆಯ್ದುಕೊಂಡೆ ಎಂಬುದರ ಬಗ್ಗೆಯಾಗಲಿ ಇರಲಿಲ್ಲ. “ನೀವು ಅದೇ ತಾಂಡಾದವರು, ನಿಮ್ಮ ಮನೆಯವರೂ ಗುಳೆ ಹೋದವರೇ. ಹೀಗಿರುವಾಗ ವಸ್ತುನಿಷ್ಠರಾಗಿರಲು ಹೇಗೆ ಸಾಧ್ಯ?” ಎಂದು ಕೇಳಿದರು. ಕೇಳಿದವರಿಗೆ ನನ್ನ ಮೇಲೆ ದ್ವೇಷವೇನೂ ಇಲ್ಲ ಎಂಬುದು ನನಗೆ ಗೊತ್ತು. ಆದರೆ ಅದೇ ದಿನ, ತಮ್ಮದೇ ಊರಿನ ಕಾಲುವೆ ನೀರಿನ ಹಂಚಿಕೆಯ ಕುರಿತು ಮಂಡಿಸಿದ, ಆ ಊರಿನ ಜಮೀನುದಾರ ಮನೆತನದ ಸಹಪಾಠಿಗೆ ಈ ಪ್ರಶ್ನೆ ಬರಲಿಲ್ಲ. ಊರಿನ ಪರಿಚಯವಿರುವುದು ಅವರ ಅಧ್ಯಯನಕ್ಕೆ ಅನುಕೂಲವಾಯಿತೆಂದೇ ಸಮಿತಿಯವರು ಹೇಳಿದರು.

ಎರಡನೆಯ ಸಂಗತಿ ವಿಭಾಗದ ವಾರದ ಚರ್ಚೆಗೆ ಸಂಬಂಧಿಸಿದ್ದು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ರಾಯಚೂರು ಕಡೆಯ ಕನ್ನಡ, ಓದಿಗೆ ಇಂಗ್ಲಿಷ್ ಆಗಿರುವ ನನ್ನಂಥವರು ಒಂದು ವಾಕ್ಯವನ್ನು ಕಟ್ಟಿಕೊಳ್ಳುವಷ್ಟರಲ್ಲಿ ಚರ್ಚೆ ಬೇರೆ ಕಡೆಗೆ ಹೊರಳಿರುತ್ತದೆ. ಹೇಗೋ ಹೇಳಿದರೂ ಅದು ಯಾರ ಕಿವಿಗೂ ಬೀಳುವುದಿಲ್ಲ; ಸ್ವಲ್ಪ ಹೊತ್ತಿನ ನಂತರ ಅದೇ ಮಾತನ್ನು ಇನ್ನೊಬ್ಬರು ಇಂಗ್ಲಿಷಿನಲ್ಲಿ ಹೇಳಿದಾಗ ಎಲ್ಲರೂ ತಲೆದೂಗುತ್ತಾರೆ, ಮುಂದೆ ಅದು ಅವರ ವಿಚಾರವೆಂದೇ ಉಲ್ಲೇಖವಾಗುತ್ತದೆ.

ಇತ್ತೀಚೆಗೆ ನಾವು ಕೆಲವು ಗೆಳತಿಯರು ಸೇರಿ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ಮಹಿಳೆಯರು ಮತ್ತು ಬಿಳಿಯರಲ್ಲದ ಇತರ ಮಹಿಳೆಯರು ತಮ್ಮ ಜಾಗ ಕಂಡುಕೊಂಡ ಬಗೆಯನ್ನು ಓದುತ್ತಿದ್ದೇವೆ. ಜಾರ್ಜಿಯಾನಾ ಸಿಂಪ್ಸನ್ ಅವರ ಸಂಗತಿ ನನ್ನನ್ನು ಬಹಳ ಕಾಡಿತು. 1907ರಲ್ಲಿ ಅವರು ಶಿಕಾಗೋ ವಿಶ್ವವಿದ್ಯಾಲಯದ ಮಹಿಳಾ ವಸತಿನಿಲಯಕ್ಕೆ ಬಂದಾಗ ಕೆಲವು ಬಿಳಿಯ ವಿದ್ಯಾರ್ಥಿನಿಯರು ಆಕ್ಷೇಪವೆತ್ತಿದರು; ನಿಲಯದ ಜವಾಬ್ದಾರಿ ಹೊತ್ತಿದ್ದವರು ಅವರನ್ನು ಉಳಿಸಿಕೊಂಡರೂ ವಿಶ್ವವಿದ್ಯಾಲಯದ ಅಧ್ಯಕ್ಷರೇ ಹೊರಗೆ ಕಳುಹಿಸಿದರು. ಹೊರಗೆ ಉಳಿದುಕೊಂಡೇ ಓದು ಮುಂದುವರಿಸಿದ ಅವರು 1921ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಜರ್ಮನ್ ಭಾಷಾ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದು, ಆ ಪದವಿ ಗಳಿಸಿದ ಮೊದಲ ಕಪ್ಪು ಅಮೆರಿಕನ್ ಮಹಿಳೆಯರ ಸಾಲಿಗೆ ಸೇರಿದರು.

ನನ್ನ ಪ್ರಶ್ನೆಗಳು ಎರಡು. ವಸ್ತುನಿಷ್ಠತೆಯ ಪ್ರಶ್ನೆ ಮೌಖಿಕ ಪರೀಕ್ಷೆಯಲ್ಲಿ ಮತ್ತೆ ಬರುವುದು ಖಚಿತ. ಅದಕ್ಕೆ ಶಾಸ್ತ್ರೀಯವಾಗಿ ನಿಲ್ಲುವ ಉತ್ತರ ಯಾವುದು? ಇನ್ನು, ಆ ಮಹಿಳೆಯರ ಅನುಭವದಿಂದ ಹುಟ್ಟಿದ ಸಿದ್ಧಾಂತಗಳನ್ನು ನಮ್ಮ ತಾಂಡಾದ ಹೆಂಗಸರ ಅಧ್ಯಯನಕ್ಕೆ ಬಳಸುವುದು ನ್ಯಾಯವೇ, ಅಥವಾ ಅದು ಬೇರೆಯವರ ನೋವನ್ನು ಎರವಲು ಪಡೆದಂತೆ ಆಗುತ್ತದೆಯೇ?

ಉತ್ತರ: ಸಮಾಜಶಾಸ್ತ್ರ ಅಧ್ಯಾಪಕಿ, ಬಳ್ಳಾರಿ

ನಿಮ್ಮ ಮೊದಲ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಕರ್ನಾಟಕದ ಸಮಾಜಶಾಸ್ತ್ರದ ಒಳಗೇ ಉತ್ತರವಿದೆ. ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ಕ್ಷೇತ್ರಕಾರ್ಯ ಮಾಡಿದರು. ಆ ಸೀಮೆ ಅವರ ಪೂರ್ವಿಕರದ್ದೇ, ಅಲ್ಲಿನ ಕನ್ನಡ ಅವರ ಮನೆಯ ಮಾತೇ. ಆ ಹತ್ತಿರವನ್ನು ಯಾರೂ ಅವರ ವಿದ್ವತ್ತಿಗೆ ಕುಂದೆಂದು ಎಣಿಸಲಿಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಬ್ರಾಹ್ಮಣನಾಗಿ ತಾನು ಊರಿನ ಮೇಲಿನ ಸ್ತರದವರ ನಡುವೆಯೇ ಹೆಚ್ಚಾಗಿ ಬೆರೆತೆ, ದಲಿತರ ಕೇರಿಯ ನೋಟ ತನಗೆ ಅಷ್ಟಾಗಿ ಸಿಗಲಿಲ್ಲ ಎಂಬ ಮಿತಿಯನ್ನು ಮುಂದೆ ಅವರೇ ಒಪ್ಪಿಕೊಂಡರು. ಹಾಗಾದರೆ ಹತ್ತಿರವಿರುವವರಿಗೂ ದೂರವಿರುವವರಿಗೂ ಒಂದೊಂದು ನೆಲೆ ಇದ್ದೇ ಇರುತ್ತದೆ. ಆ ನೆಲೆಯನ್ನು ಹೇಳಿಕೊಳ್ಳಬೇಕಾದ ಹೊಣೆ ನಿಮ್ಮೊಬ್ಬರದೇ ಅಲ್ಲ. ಮೌಖಿಕ ಪರೀಕ್ಷೆಯಲ್ಲಿ ಇಷ್ಟನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಬಹುದು.

ಆದರೆ ಇಷ್ಟಕ್ಕೇ ನಿಲ್ಲಬೇಡಿ. ನಿಮ್ಮ ನಿಜವಾದ ಉತ್ತರ ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಇರಬೇಕು. ತಾಂಡಾದ ಮಗಳಾದ್ದರಿಂದ ನಿಮಗೆ ಯಾವ ಬಾಗಿಲು ತೆರೆಯಿತು ಎಂಬುದರ ಜೊತೆಗೆ, ಅದೇ ಕಾರಣಕ್ಕೆ ಯಾವ ಬಾಗಿಲು ಮುಚ್ಚಿತು ಎಂಬುದನ್ನೂ ಬರೆಯಿರಿ. ಮುಂಗಡ ಕೊಟ್ಟು ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ನಿಮ್ಮ ಬಂಧುವೇ ಆಗಿದ್ದರೆ ಅವನ ಲೆಕ್ಕದ ಮೋಸವನ್ನು ಹೆಂಗಸರು ನಿಮ್ಮ ಮುಂದೆ ಹೇಳಿದರೇ? ನಿಮ್ಮ ತಾಯಿಯ ಓರಗೆಯವರು ಗಂಡನ ಕುಡಿತದ ಮಾತು ಬಂದಾಗ ವಿಷಯ ಬದಲಿಸಿದರೇ? ಇದನ್ನು ಹೇಗೆ ಗುರುತಿಸಿದಿರಿ, ಬೇರೆ ತಾಂಡಾದಲ್ಲಿ ಅದೇ ಪ್ರಶ್ನೆ ಕೇಳಿದಾಗ ಉತ್ತರ ಹೇಗೆ ಬೇರೆಯಾಯಿತು ಎಂಬುದನ್ನು ತೋರಿಸಿದರೆ ಯಾವ ಪರೀಕ್ಷಕರೂ ನಿಮ್ಮ ಕೆಲಸವನ್ನು ಬರೀ ಆತ್ಮಕಥನವೆಂದು ತಳ್ಳಿಹಾಕಲಾರರು. ಲಂಬಾಣಿಯಲ್ಲಿ ಹೇಳಿದ ಮಾತನ್ನು ಮೊದಲು ಲಂಬಾಣಿಯಲ್ಲೇ, ಕನ್ನಡ ಲಿಪಿಯಲ್ಲಿ ಬರೆದುಕೊಂಡು ಆಮೇಲೆ ಅನುವಾದಿಸಿರಿ. ಬೇರೆ ಸಂಶೋಧಕರಿಗೆ ಇಲ್ಲದ ಸೌಲಭ್ಯ ಅದು.

ನಿಮ್ಮ ಎರಡನೆಯ ಪ್ರಶ್ನೆಗೆ ಸ್ವಲ್ಪ ಹಿನ್ನೆಲೆ ಬೇಕು. ಕಿಂಬರ್ಲೆ ಕ್ರೆನ್‌ಷಾ ಎಂಬ ಕಾನೂನು ವಿದ್ವಾಂಸೆ 1989ರಲ್ಲಿ ಮಂಡಿಸಿದ ವಾದದ ಹಿಂದೆ ಒಂದು ಮೊಕದ್ದಮೆಯಿದೆ. ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತು ಇತರ ಕಪ್ಪು ಮಹಿಳೆಯರು ಜನರಲ್ ಮೋಟರ್ಸ್ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರು. 1964ಕ್ಕೆ ಮೊದಲು ಅಲ್ಲಿ ಕಪ್ಪು ಮಹಿಳೆಯರನ್ನು ನೇಮಿಸಿಕೊಂಡಿರಲಿಲ್ಲ. ಮುಂದೆ ಸೇವಾ ಹಿರಿತನದ ಆಧಾರದಲ್ಲಿ ಕೆಲಸದಿಂದ ತೆಗೆದಾಗ ತಡವಾಗಿ ಸೇರಿದ ಅವರೇ ಹೊರಗೆ ಬಿದ್ದರು. ನ್ಯಾಯಾಲಯ 1976ರಲ್ಲಿ ಅವರ ವಾದವನ್ನು ಒಪ್ಪಲಿಲ್ಲ. ಕಂಪನಿಯಲ್ಲಿ ಮಹಿಳೆಯರಿದ್ದರು, ಆದ್ದರಿಂದ ಲಿಂಗ ತಾರತಮ್ಯವಿಲ್ಲ. ಜನಾಂಗದ ದೂರನ್ನು ಬೇರೆಯಾಗಿ ನೋಡಬೇಕು. ಎರಡನ್ನೂ ಕೂಡಿಸಿ ಹೊಸ ವರ್ಗವೊಂದನ್ನು ಸೃಷ್ಟಿಸಲಾಗದು ಎಂಬುದು ತೀರ್ಪಿನ ತಿರುಳಾಗಿತ್ತು. ಆದರೆ ಆ ಮಹಿಳೆಯರು ಇದ್ದದ್ದು ನಿಖರವಾಗಿ ಆ ಎರಡೂ ಕೂಡುವ ಜಾಗದಲ್ಲಿ. ಅದಕ್ಕೆ ಕ್ರೆನ್‌ಷಾ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಹೆಸರು ಕೊಟ್ಟರು.

ಈ ತರ್ಕದ ರಚನೆಯನ್ನು ನೀವು ಧಾರಾಳವಾಗಿ ಬಳಸಬಹುದು. ಬಳಸಬಾರದ್ದು ಅದರ ಒಳಗಿನ ಸಂಗತಿಗಳನ್ನು. ಅಲ್ಲಿ ಗುಲಾಮಗಿರಿಯ ಚರಿತ್ರೆ ಮತ್ತು ಜನಾಂಗ ಪ್ರತ್ಯೇಕತೆಯ ಕಾನೂನುಗಳಿವೆ. ಇಲ್ಲಿ ಜಾತಿಯಿದೆ, ತಾಂಡಾ ಮತ್ತು ಊರಿನ ನಡುವಿನ ಅಂತರವಿದೆ, ಇಂಗ್ಲಿಷ್ ಇದೆ, ರಾಜ್ಯದ ಒಳಗೇ ಹಿಂದುಳಿದ ಪ್ರದೇಶವೆಂಬ ಸ್ಥಿತಿಯಿದೆ. ನಿಮ್ಮ ಸಮುದಾಯವನ್ನೇ ನೋಡಿ: ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ರಾಯಚೂರಿನ ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಪುಣೆಗೆ ಗುಳೆ ಹೋದ ಹೆಂಗಸಿಗೆ ಈ ಮೂರನೆಯ ರಾಜ್ಯದಲ್ಲಿ ಯಾವ ಹಕ್ಕು, ಯಾವ ಕಾಗದ ನಡೆಯುತ್ತದೆ ಎಂಬ ಪ್ರಶ್ನೆ ಅಮೆರಿಕದ ಯಾವ ಲೇಖನದಲ್ಲೂ ಸಿಗುವುದಿಲ್ಲ. ಅದನ್ನು ನೀವೇ ಬರೆಯಬೇಕು.

ನಮ್ಮ ದೇಶದ ಚರ್ಚೆಯನ್ನೂ ಬಿಡಬೇಡಿ. ದಲಿತ ಮಹಿಳೆಯರ ಮಾತು ಏಕೆ ಭಿನ್ನ ಎಂಬುದನ್ನು ಗೋಪಾಲ್ ಗುರು 1995ರಲ್ಲಿ ಮುಂದಿಟ್ಟರು. ಅದನ್ನು ದಲಿತ ಸ್ತ್ರೀವಾದಿ ನೆಲೆಯಾಗಿ ಬೆಳೆಸುವ ವಾದವನ್ನು ಶರ್ಮಿಳಾ ರೇಗೆ 1998ರಲ್ಲಿ ಮಂಡಿಸಿದರು. ‘ಒಳಗಿರುವ ಹೊರಗಿನವಳು’ ಎಂಬ ಸ್ಥಾನದಿಂದ ಹುಟ್ಟುವ ಜ್ಞಾನದ ಬಗ್ಗೆ 1986ರಲ್ಲಿ ಬರೆದ ಪೆಟ್ರೀಷಿಯಾ ಹಿಲ್ ಕಾಲಿನ್ಸ್ ಮುಂದೆ ಅಮೆರಿಕದ ಸಮಾಜಶಾಸ್ತ್ರ ಸಂಘದ ಅಧ್ಯಕ್ಷರಾದ ಮೊದಲ ಕಪ್ಪು ಮಹಿಳೆ. ಈ ಮೂವರನ್ನೂ ಒಟ್ಟಿಗೆ ಓದಿದರೆ ನಿಮ್ಮ ಸೈದ್ಧಾಂತಿಕ ಅಧ್ಯಾಯ ಗಟ್ಟಿಯಾಗುತ್ತದೆ.

ಉತ್ತರ: ಅತಿಥಿ ಉಪನ್ಯಾಸಕಿ, ಕೊಪ್ಪಳ

ತಂಗಿ, ಮೇಡಂ ಅವರು ಸಿದ್ಧಾಂತದ ಭಾಗವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ನಿನ್ನ ಎರಡನೆಯ ಸಂಗತಿಯ ಬಗ್ಗೆ, ಅಂದರೆ ನಿನ್ನ ಮಾತು ಬೇರೆಯವರದ್ದಾಗಿ ಹೋಗುವುದರ ಬಗ್ಗೆ ಬರೆಯುತ್ತೇನೆ. ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ. ಮುಗಿಸಿದವಳು ನಾನು, ಆದ್ದರಿಂದ ಇದು ನನಗೆ ಓದಿ ತಿಳಿದ ಸಂಗತಿಯಲ್ಲ.

ಧೈರ್ಯ ತಂದುಕೊಂಡು ಮಾತನಾಡು ಎಂದು ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ನಿನಗೆ ಧೈರ್ಯವಿಲ್ಲದಿದ್ದರೆ ತಾಂಡಾದಿಂದ ಪಿಎಚ್.ಡಿ.ವರೆಗೆ ಬರುತ್ತಲೇ ಇರಲಿಲ್ಲ. ಕೊರತೆ ಇರುವುದು ಕೇಳುವ ಕಡೆ, ಕೇಳಿದ್ದನ್ನು ದಾಖಲಿಸುವ ಕಡೆ. ಅದನ್ನು ಸರಿಪಡಿಸುವುದಕ್ಕೆ ಕೆಲವು ವ್ಯವಸ್ಥೆಗಳನ್ನು ಮಾಡಿಕೊಳ್ಳಬೇಕಾಗುತ್ತದೆ, ಅವನ್ನು ಒಬ್ಬಳೇ ಮಾಡಲಾಗದು. ಅಮೆರಿಕದ ಅಧ್ಯಕ್ಷ ಒಬಾಮ ಅವರ ಕಚೇರಿಯಲ್ಲಿದ್ದ ಮಹಿಳಾ ಸಿಬ್ಬಂದಿ ಸಭೆಗಳಲ್ಲಿ ಒಂದು ಪದ್ಧತಿಯನ್ನು ರೂಢಿಸಿಕೊಂಡಿದ್ದರೆಂದು 2016ರಲ್ಲಿ ವರದಿಯಾಗಿತ್ತು. ಒಬ್ಬ ಮಹಿಳೆ ಮುಖ್ಯವಾದ ಮಾತು ಹೇಳಿದ ಕೂಡಲೇ ಇನ್ನೊಬ್ಬರು ಅದನ್ನು ಅವರ ಹೆಸರು ಸಮೇತ ಮತ್ತೆ ಹೇಳುತ್ತಿದ್ದರು, ಹಾಗಾಗಿ ಆ ವಿಚಾರ ಬೇರೆಯವರ ಖಾತೆಗೆ ಹೋಗುತ್ತಿರಲಿಲ್ಲ. ನಾವು ಗೆಳತಿಯರು ನಮ್ಮ ವಿಭಾಗದಲ್ಲಿ ಇದನ್ನೇ ಮಾಡಿದೆವು. “ಈಗಷ್ಟೇ ಅವರು ಹೇಳಿದ ಮಾತನ್ನು ಮುಂದುವರಿಸುತ್ತೇನೆ” ಎಂಬ ಒಂದು ವಾಕ್ಯದಿಂದ ಆರಂಭಿಸುವುದು, ಅಷ್ಟೇ. ಯಾರ ಮೇಲೂ ಆರೋಪ ಹೊರಿಸಿದಂತೆ ಆಗುವುದಿಲ್ಲ, ಮಾತು ಮಾತ್ರ ಹೇಳಿದವಳ ಬಳಿ ಉಳಿಯುತ್ತದೆ. ನೀವು ಕೂಡಿ ಓದುವ ಗೆಳತಿಯರು ಇದ್ದೀರಿ ಎಂದೆಯಲ್ಲ, ಅದು ದೊಡ್ಡ ಬಲ.

ಚರ್ಚೆಗೆ ಹೋಗುವ ಮೊದಲು ಹೇಳಬೇಕಾದ ಒಂದು ಅಂಶವನ್ನು ಅರ್ಧ ಪುಟದಲ್ಲಿ ಕನ್ನಡದಲ್ಲಿ ಬರೆದು, ಹಿಂದಿನ ದಿನವೇ ಎಲ್ಲರಿಗೂ ಕಳುಹಿಸಿಬಿಡು. ದಿನಾಂಕ ಸಮೇತ ಬರಹದಲ್ಲಿರುವ ಮಾತನ್ನು ಇನ್ನೊಬ್ಬರು ತಮ್ಮದೆನ್ನುವುದು ಕಷ್ಟ. ಸಲಹಾ ಸಮಿತಿಯ ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿಯನ್ನು ಕೇಳಿ ಪಡೆದುಕೋ. ಸದಸ್ಯರು ಕೇಳಿದ್ದೇನು, ನೀನು ಉತ್ತರಿಸಿದ್ದೇನು ಎಂಬುದು ಅದರಲ್ಲಿ ಇಲ್ಲದಿದ್ದರೆ ನಿನ್ನ ಉತ್ತರವನ್ನು ಬರಹದಲ್ಲಿ ಮಾರ್ಗದರ್ಶಕರ ಮೂಲಕ ಸೇರಿಸಲು ಕೋರು. ಪ್ರತಿ ಸೆಮಿಸ್ಟರ್ ಆ ಸಮಿತಿಯ ಮುಂದೆ ನೀನು ಹೋಗಲೇಬೇಕಲ್ಲ, ಈ ಕಾಗದಗಳೆಲ್ಲ ಮುಂದೆ ಕೆಲಸಕ್ಕೆ ಬರುತ್ತವೆ.

ಇನ್ನೊಂದು ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಹುಡುಗಿಯರ ವರ್ಷಗಳು ಇದರಲ್ಲೇ ಕಳೆದುಹೋಗುವುದನ್ನು ನೋಡುತ್ತಿದ್ದೇನೆ. ಅಂಬೇಡ್ಕರ್ ಜಯಂತಿಯ ನಿರೂಪಣೆ, ಮಹಿಳಾ ದಿನದ ಸ್ವಾಗತ, ಗಣ್ಯರು ಬಂದಾಗ ಪ್ರಾರ್ಥನೆ, ಹೊಸದಾಗಿ ಬಂದ ಹಾಸ್ಟೆಲ್ ಹುಡುಗಿಯರ ಅರ್ಜಿ ತುಂಬಿಕೊಡುವುದು, ಇವೆಲ್ಲ ನಿನ್ನ ಪಾಲಿಗೇ ಬರುತ್ತವೆ. ಅಮೆರಿಕದಲ್ಲಿ ಅಮಾಡೊ ಪಡಿಯಾ ಎಂಬ ವಿದ್ವಾಂಸರು 1994ರಲ್ಲಿ ಇಂಥ ಹೊರೆಯನ್ನು ‘ಸಾಂಸ್ಕೃತಿಕ ತೆರಿಗೆ’ ಎಂದು ಕರೆದರು. ಅಲ್ಪಸಂಖ್ಯಾತ ಸಮುದಾಯದ ಅಧ್ಯಾಪಕರು ಸಂಸ್ಥೆಯ ಎಲ್ಲ ಸಮಿತಿಗಳಲ್ಲೂ ತಮ್ಮ ಸಮುದಾಯದ ಪರವಾಗಿ ಕೂರಬೇಕು, ಬಡ್ತಿಯ ವೇಳೆ ಆ ದುಡಿಮೆ ಮಾತ್ರ ಎಣಿಕೆಗೆ ಬರುವುದಿಲ್ಲ. ಹುಡುಗಿಯರ ಅರ್ಜಿ ತುಂಬಿಕೊಡುವುದನ್ನು ಬಿಡಬೇಡ, ಅದು ನಮ್ಮ ಋಣ. ಆದರೆ ವೇದಿಕೆಯ ಕೆಲಸ ಬಂದಾಗ “ಈ ಬಾರಿ ನಿರೂಪಣೆ ಬೇರೆಯವರು ಮಾಡಲಿ, ನಾನು ನನ್ನ ಕ್ಷೇತ್ರಕಾರ್ಯದ ಬಗ್ಗೆ ಹದಿನೈದು ನಿಮಿಷ ಮಾತನಾಡುತ್ತೇನೆ” ಎಂದು ಕೇಳು. ಅದೇ ಸಭೆಯಲ್ಲಿ ಸ್ವಾಗತ ಕೋರುವವಳಾಗಿ ನಿಲ್ಲುವುದಕ್ಕೂ ವಿಷಯ ಮಂಡಿಸುವವಳಾಗಿ ನಿಲ್ಲುವುದಕ್ಕೂ ಬಹಳ ಅಂತರವಿದೆ.

ನಿಯಮಗಳನ್ನೂ ಓದಿಟ್ಟುಕೋ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಮಹಿಳೆಯರಿಗೆ ಆರು ವರ್ಷದ ಮಿತಿಯ ಮೇಲೆ ಎರಡು ವರ್ಷದ ಹೆಚ್ಚುವರಿ ಅವಕಾಶವಿದೆ, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯಿದೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾಗಿ ಬಂದರೆ ಸಂಶೋಧನೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸಿಕೊಳ್ಳಲೂ ದಾರಿಯಿದೆ. ಮನೆಯಲ್ಲಿ ಮದುವೆಯ ಮಾತು ಎದ್ದಾಗ “ಓದು ಅಲ್ಲಿಗೆ ಮುಗಿಯಿತು” ಎಂದುಕೊಂಡು ಬಿಟ್ಟವರನ್ನು ನಾನು ಕಂಡಿದ್ದೇನೆ. ಅವರಿಗೆ ಈ ನಿಯಮವನ್ನು ಯಾರೂ ಹೇಳಿರಲಿಲ್ಲ. ಜಾತಿಯ ಕಾರಣಕ್ಕೆ ತಾರತಮ್ಯವಾದರೆ ದೂರು ಕೇಳಲು 2012ರ ಯುಜಿಸಿ ನಿಯಮಗಳು ಸಮಾನ ಅವಕಾಶ ಕೋಶವನ್ನೂ ತಾರತಮ್ಯ ವಿರೋಧಿ ಅಧಿಕಾರಿಯನ್ನೂ ವಿಧಿಸಿದ್ದವು. ಜಾತಿ ತಾರತಮ್ಯದ ಆರೋಪಗಳ ನಡುವೆ ಆತ್ಮಹತ್ಯೆ ಮಾಡಿಕೊಂಡ ಮುಂಬೈನ ವೈದ್ಯ ವಿದ್ಯಾರ್ಥಿನಿ ಪಾಯಲ್ ತಡವಿ ಮತ್ತು ಹೈದರಾಬಾದಿನ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಅವರ ತಾಯಂದಿರು 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಇಂಥ ನಿಯಮಗಳು ಕಾಗದದಲ್ಲೇ ಉಳಿದಿವೆ ಎಂಬ ಕಾರಣಕ್ಕೆ. ನಿಮ್ಮಲ್ಲಿ ಆ ಹೊಣೆ ಯಾರ ಮೇಲಿದೆ, ಅವರು ಯಾವ ಕೋಣೆಯಲ್ಲಿ ಸಿಗುತ್ತಾರೆ ಎಂಬುದನ್ನು ಅಗತ್ಯ ಬೀಳುವ ಮೊದಲೇ ತಿಳಿದುಕೊಂಡಿರಬೇಕು.

ಉತ್ತರ: ನಿವೃತ್ತ ಕನ್ನಡ ಉಪನ್ಯಾಸಕ, ರಾಯಚೂರು

ತಾಯೀ, ನಿಮ್ಮ ವಿಷಯ ಓದಿ ಸಂತೋಷವಾಯಿತು. ಮೇಲಿನ ಇಬ್ಬರ ಮಾತುಗಳನ್ನೂ ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಬಗ್ಗೆ ಬರೆಯುವಾಗಲೂ ಮೊದಲ ಎಪ್ಪತ್ತು ಪುಟಗಳನ್ನು ಹೊರದೇಶದ ಚಿಂತಕರಿಗೆ ಮೀಸಲಿಟ್ಟು, ಕೊನೆಗೆ ಉಳಿದ ಜಾಗದಲ್ಲಿ ತಾಂಡಾವನ್ನು ಕೂರಿಸುವುದನ್ನು ವರ್ಷಾನುಗಟ್ಟಲೆ ನೋಡಿದ್ದೇನೆ. ಆಗ ಮಹಾಪ್ರಬಂಧದಲ್ಲಿ ಕೇಳಿಸುವುದು ಬರೆದವರ ಧ್ವನಿಯಲ್ಲ. ಸಿದ್ಧಾಂತಕ್ಕೆ ಉದಾಹರಣೆ ಒದಗಿಸುವುದಷ್ಟೇ ನಮ್ಮ ಹೆಂಗಸರ ಕೆಲಸವೇ?

ಈ ದೇಶದಲ್ಲಿ ಶಾಲೆಗೆ ಬಂದ ದಲಿತ ಹುಡುಗಿಯೊಬ್ಬಳು ತನ್ನ ಸಮುದಾಯದ ಬಗ್ಗೆ ತಾನೇ ಬರೆದದ್ದು ನಿನ್ನೆ ಮೊನ್ನೆಯಲ್ಲ. ಪುಣೆಯಲ್ಲಿ ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮಾಂಗ್ ಸಮುದಾಯದ ಮುಕ್ತಾಬಾಯಿ, ಮಾಂಗ್ ಮತ್ತು ಮಹಾರರ ದುಃಖದ ಕುರಿತು ಬರೆದ ನಿಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಧರ್ಮಗ್ರಂಥವನ್ನು ಓದುವ ಹಕ್ಕು ನಮಗಿಲ್ಲವೆಂದಾದರೆ ನಮ್ಮ ಧರ್ಮ ಯಾವುದು ಎಂಬ ಪ್ರಶ್ನೆಯನ್ನು ಆ ಎಳೆಯ ವಯಸ್ಸಿನ ವಿದ್ಯಾರ್ಥಿನಿ ಎತ್ತಿದ್ದಳು. ತನ್ನವರ ಸಂಕಟವನ್ನು ಸಾಕ್ಷಿಯಾಗಿ ಮುಂದಿಟ್ಟು, ಅದರಿಂದ ವಾದ ಕಟ್ಟಿದ ಬರಹ ಅದು. ನಿಮ್ಮ ಸೈದ್ಧಾಂತಿಕ ಅಧ್ಯಾಯ ಅಲ್ಲಿಂದ ಆರಂಭವಾದರೆ ಏನು ಕೊರತೆ?

ಇನ್ನೊಂದು ಬಿನ್ನಹ, ಪ್ರಬಂಧವನ್ನು ಕನ್ನಡದಲ್ಲಿ ಬರೆಯಿರಿ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಆರಂಭವಾದ ಮೇಲೆ ಈ ಭಾಗದಲ್ಲಿ ಕನ್ನಡದಲ್ಲೇ ಸಂಶೋಧನೆ ಬರೆಯುವ ಒಂದು ಪರಂಪರೆ ಬೆಳೆದಿದೆ. ಮುಂಗಡ, ಪಾಳಿ, ಮೇಸ್ತ್ರಿ, ಗುಳೆ ಎಂಬ ಮಾತುಗಳು ನಿಮ್ಮ ಹೆಂಗಸರ ಬಾಯಲ್ಲಿ ಇರುವ ಭಾಷೆಯಲ್ಲೇ ವಾದವೂ ಇದ್ದರೆ, ಅವರ ಮಕ್ಕಳು ನಾಳೆ ಅದನ್ನು ಓದಿ “ಇಲ್ಲಿ ತಪ್ಪಿದೆ” ಎಂದು ನಿಮಗೆ ಹೇಳಬಲ್ಲರು. ಅಂಥ ಓದುಗರು ನಿಮಗೆ ಇಂಗ್ಲಿಷಿನಲ್ಲಿ ಸಿಗುವುದಿಲ್ಲ.

ಉತ್ತರ: ಸಮಾಜಶಾಸ್ತ್ರ ಅಧ್ಯಾಪಕಿ, ಬಳ್ಳಾರಿ

ಸರ್, ಮುಕ್ತಾಬಾಯಿಯಿಂದ ಆರಂಭಿಸಬೇಕೆಂಬ ನಿಮ್ಮ ಸಲಹೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅಮೆರಿಕದ ಕಪ್ಪು ಜನರ ಹೋರಾಟದೊಡನೆ ಸಂವಾದವೆಂಬುದು ಈಗಿನ ವಿದ್ಯಾರ್ಥಿಗಳ ಪಠ್ಯದ ಒತ್ತಡದಿಂದ ಬಂದದ್ದಲ್ಲ. 1946ರಲ್ಲಿ ಅಂಬೇಡ್ಕರ್ ಅವರೇ ಅಲ್ಲಿನ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯೂ. ಇ. ಬಿ. ಡು ಬೋಯಿಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದರು. ಅಸ್ಪೃಶ್ಯರ ಪರವಾಗಿಯೂ ಹಾಗೆ ಮಾಡುವ ಆಲೋಚನೆ ಅವರಲ್ಲಿತ್ತು. ಡು ಬೋಯಿಸ್ ಉತ್ತರ ಬರೆದರು. ಮುಂಬೈಯ ದಲಿತ ಪ್ಯಾಂಥರ್ಸ್ 1972ರಲ್ಲಿ ತಮ್ಮ ಸಂಘಟನೆಯ ಹೆಸರನ್ನೇ ಅಲ್ಲಿನ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ತೆಗೆದುಕೊಂಡರು. ಪ್ರತಿಯೊಂದು ಬಾರಿಯೂ ಪಡೆದವರು ತಮ್ಮ ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡೇ ಪಡೆದರು.

ಕನ್ನಡದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕನ್ನಡದಲ್ಲಿ ಬರೆಯುವುದು ಉತ್ತಮವೇ, ಆದರೆ ಅದರ ಬೆಲೆಯನ್ನು ಹಿರಿಯರಾದ ನಾವು ವಿದ್ಯಾರ್ಥಿನಿಯ ಮೇಲೆ ಹೊರಿಸಬಾರದು. ಸಮಾಜಶಾಸ್ತ್ರದಲ್ಲಿ ಹೊರರಾಜ್ಯದ ಪರೀಕ್ಷಕರು, ಫೆಲೋಶಿಪ್ ಸಂದರ್ಶನ, ನೌಕರಿಯ ಆಯ್ಕೆ ಸಮಿತಿ, ಇಲ್ಲೆಲ್ಲ ಇನ್ನೂ ಇಂಗ್ಲಿಷ್ ಬರಹವನ್ನೇ ಕೇಳುತ್ತಾರೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದ ಸಂಸ್ಥೆಗಳಲ್ಲಿ ನಮ್ಮ ಮಕ್ಕಳಿಗೆ ಶೇ. 70ರಷ್ಟು ಸ್ಥಾನಗಳು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸ್ಥಾನಗಳು ದೊರೆಯುತ್ತಿವೆ. ಪ್ರವೇಶದ ಬಾಗಿಲು ತೆರೆದಿದೆ. ಒಳಗೆ ಬಂದ ಮೇಲೆ ಬರವಣಿಗೆ ಕಲಿಸುವ ವ್ಯವಸ್ಥೆ ನಮ್ಮ ಎಷ್ಟು ವಿಭಾಗಗಳಲ್ಲಿದೆ? ಸ್ಥಾನ ಕೊಟ್ಟು ಭಾಷೆ ಕೊಡದಿದ್ದರೆ ಆ ಸ್ಥಾನದಲ್ಲಿ ಕೂತವರು ಮೌನವಾಗಿಯೇ ಕೂರಬೇಕಾಗುತ್ತದೆ. ಆದ್ದರಿಂದ ಪ್ರಬಂಧ ಕನ್ನಡದಲ್ಲಿರಲಿ, ಅದರ ಒಂದು ಅಧ್ಯಾಯವನ್ನಾದರೂ ಇಂಗ್ಲಿಷ್ ಲೇಖನವಾಗಿ ರೂಪಿಸಲು ಮಾರ್ಗದರ್ಶಕರು ಜೊತೆಗೆ ಕೂತು ದುಡಿಯಲಿ ಎಂಬುದು ನನ್ನ ನಿಲುವು.

ಮೇಲೆ ಹೇಳಿದ ಸಂಗತಿಗಳಿಗೆ ಒಂದನ್ನು ಸೇರಿಸುತ್ತೇನೆ. ಕ್ರಿಸ್ಟನ್ ಸ್ಮಿತ್ ಎಂಬ ಮಾನವಶಾಸ್ತ್ರಜ್ಞೆ, ತಮ್ಮ ಬರಹದ ವಿಚಾರಗಳನ್ನು ಇನ್ನೊಬ್ಬರು ಹೆಸರು ಹೇಳದೆ ಬಳಸಿಕೊಂಡದ್ದನ್ನು ಕಂಡ ಮೇಲೆ, ಕಪ್ಪು ಮಹಿಳೆಯರ ಬರಹವನ್ನು ಹೆಸರು ಸಮೇತ ಉಲ್ಲೇಖಿಸಬೇಕೆಂಬ ಅಭಿಯಾನವನ್ನು 2017ರಲ್ಲಿ ಆರಂಭಿಸಿದರು. ಅಮೆರಿಕದಲ್ಲಿ ಪೂರ್ಣ ಪ್ರಾಧ್ಯಾಪಕರ ಪೈಕಿ ಕಪ್ಪು ಮಹಿಳೆಯರು ಈಗಲೂ ಶೇ. 2ರ ಆಸುಪಾಸಿನಲ್ಲಿದ್ದಾರೆ, ಇಷ್ಟು ಕಡಿಮೆ ಜನ ಇರುವಲ್ಲಿ ಉಲ್ಲೇಖವೊಂದೂ ತಪ್ಪಿಹೋಗಬಾರದು. ಈ ಅಭಿಯಾನವನ್ನು ನಮ್ಮ ವಿಭಾಗದಲ್ಲಿ ಅನುಸರಿಸುವುದಕ್ಕೆ ಯಾರ ಅನುಮತಿಯೂ ಬೇಡ. ನಮ್ಮ ಭಾಗದ ಹೆಣ್ಣುಮಕ್ಕಳು ಬರೆದ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳು ಗ್ರಂಥಾಲಯದ ಕಪಾಟಿನಲ್ಲಿವೆ. ಅವನ್ನು ತೆಗೆದು ಓದಿ, ನಿಮ್ಮ ಅಡಿಟಿಪ್ಪಣಿಗಳಲ್ಲಿ ಅವರ ಹೆಸರು ಬರಲಿ.

ಪ್ರಶ್ನೆ ಕೇಳಿದವರ ಮರುಮಾತು

ಮೇಡಂ, ಅಕ್ಕ, ಸರ್, ಮೂವರಿಗೂ ನನ್ನ ಮನಃಪೂರ್ವಕ ವಂದನೆಗಳು. ಇವನ್ನೆಲ್ಲ ಪ್ರಿಂಟ್ ತೆಗೆದು ಗೆಳತಿಯರ ಜೊತೆ ಕೂತು ಓದಿದೆವು. ವಿಧಾನದ ಅಧ್ಯಾಯಕ್ಕೆ ಹೊಸದಾಗಿ ಒಂದು ಭಾಗ ಬರೆಯಲು ಆರಂಭಿಸಿದ್ದೇನೆ. ಮೇಸ್ತ್ರಿಯ ಬಗ್ಗೆ ಮೇಡಂ ಕೇಳಿದ ಪ್ರಶ್ನೆ ನೇರವಾಗಿ ನಾಟಿತು: ನಮ್ಮ ತಾಂಡಾದಲ್ಲಿ ಮುಂಗಡದ ಲೆಕ್ಕದ ಬಗ್ಗೆ ಹೆಂಗಸರು ಹೇಳಿದ್ದಕ್ಕೂ ಮಸ್ಕಿ ಕಡೆಯ ಇನ್ನೊಂದು ತಾಂಡಾದಲ್ಲಿ ಹೇಳಿದ್ದಕ್ಕೂ ಟಿಪ್ಪಣಿಗಳಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆ. ಅಲ್ಲಿನವರು ನನ್ನನ್ನು ಬಂಧುವೆಂದು ನೋಡದೆ ಓದಿದ ಹುಡುಗಿಯೆಂದು ನೋಡಿದ್ದರಿಂದ, ಎಷ್ಟು ಮುಂಗಡ ಪಡೆದರು, ಎಷ್ಟು ತೀರಿತು, ಎಷ್ಟು ಉಳಿಯಿತೆಂದು ಲೆಕ್ಕವಿಟ್ಟ ನೋಟ್‌ಬುಕ್ಕನ್ನೇ ತಂದು ತೋರಿಸಿದರು. ಇದೇ ಆ ಭಾಗದ ಮುಖ್ಯ ಸಾಕ್ಷಿಯಾಗುತ್ತದೆ.

ಪ್ರಬಂಧದ ಭಾಷೆ ಕನ್ನಡವೇ ಎಂದು ಮಾರ್ಗದರ್ಶಕರೊಡನೆ ಮಾತನಾಡಿ ನಿರ್ಧರಿಸಿದ್ದೇನೆ. ಅವರು ಒಪ್ಪಿದ್ದಾರೆ, ಇಂಗ್ಲಿಷ್ ಲೇಖನಕ್ಕೆ ಜೊತೆಗೆ ಕೂರುವುದಾಗಿಯೂ ಹೇಳಿದ್ದಾರೆ. ಮುಕ್ತಾಬಾಯಿಯ ನಿಬಂಧದ ಮರಾಠಿ ಮೂಲವನ್ನು ಓದಿ ಅರ್ಥ ಹೇಳಬಲ್ಲವರು ಈ ಭಾಗದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಇಂಗ್ಲಿಷ್ ಅನುವಾದವೊಂದನ್ನೇ ನೆಚ್ಚಿಕೊಂಡು ಬರೆಯಲು ಮನಸ್ಸಿಲ್ಲ. ಹೊಸ ಭಾಗದ ಕರಡು ಸಿದ್ಧವಾದ ಮೇಲೆ ಇಲ್ಲಿಯೇ ಹಾಕುತ್ತೇನೆ. ಮುಂದಿನ ಸಲಹಾ ಸಮಿತಿಯ ಸಭೆಗೆ ಮುನ್ನ ನೀವೆಲ್ಲ ಅದನ್ನು ಓದಿ, ಸಮಿತಿಯವರು ಕೇಳಬಹುದಾದ ಕಠಿಣ ಪ್ರಶ್ನೆಗಳನ್ನು ಮೊದಲೇ ಕೇಳಬೇಕೆಂದು ವಿನಂತಿ.